ಪೋಟಬಲ್ ಎಂಬ ಪದ

ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮೇಡಂ ಅಂದರೆ ನಾನೊಬ್ಬಳೇ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರವಿರುವ ಹಳ್ಳಿಯೊಂದರ ಸರ್ಕಾರಿ ಶಾಲೆ ಅದು. ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ಬೀದಿಯಲ್ಲಿ ಕನ್ನಡ ಬೆರೆಸುತ್ತಾರೆ, ಇಂಗ್ಲಿಷ್ ಎಂದರೆ ನನ್ನ ಮುಖ ನೋಡುತ್ತಾರೆ.

ನನ್ನ ತವರು ಸುಗಟೂರು. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆಹುಳುಗಳಿಗೆ ಹಾಕಿ, ಕೈ ತೊಳೆದು, ಕೋಲಾರದ ಬಸ್ಸು ಹಿಡಿದು ಕಾಲೇಜಿಗೆ ಹೋದವಳು ನಾನು. ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮ. ಇಂಗ್ಲಿಷನ್ನು ಕಲಿತದ್ದು ಹಟದಿಂದ, ಒಂದೊಂದೇ ಪದವನ್ನು ಬಿಚ್ಚಿ ನೋಡಿ, ಹಿಂದಿನದೇನು, ಮುಂದಿನದೇನು ಎಂದು ಗುರುತು ಮಾಡಿಕೊಂಡು. ಕಾಲೇಜಿನಲ್ಲಿ ಒಮ್ಮೆ ಒಂದು ಪದವನ್ನು ತಪ್ಪಾಗಿ ಉಚ್ಚರಿಸಿದಾಗ ತರಗತಿ ಪೂರ್ತಿ ನಕ್ಕಿತ್ತು. ಅಂದಿನಿಂದ ನನಗೊಂದು ಚಾಳಿ ಬೆಳೆಯಿತು: ಗೊತ್ತಿಲ್ಲದ ಪದ ಎದುರಾದರೆ ಗೊತ್ತಿಲ್ಲ ಎನ್ನುವುದಿಲ್ಲ. ಊಹಿಸುತ್ತೇನೆ, ಊಹಿಸಿದ್ದನ್ನು ಗಟ್ಟಿಯಾಗಿ ಹೇಳುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಊಹೆ ಸರಿಯಾಗುತ್ತಿತ್ತು. ಅದರಿಂದಲೇ ಚಾಳಿ ಇನ್ನಷ್ಟು ಬಲವಾಯಿತು.

ಮಕ್ಕಳಿಗೂ ನಾನು ಕಲಿಸುತ್ತಿದ್ದುದು ಆ ಬಿಚ್ಚಿ ನೋಡುವ ವಿದ್ಯೆಯನ್ನೇ. ಅದರಲ್ಲೂ ‘ಏಬಲ್’ ಎಂದು ಮುಗಿಯುವ ಪದಗಳ ಪಾಠ ನನಗೆ ಬಲು ಇಷ್ಟ. ‘ಏಬಲ್ ಅಂದರೆ ನಮ್ಮ ಬಲ್ಲ ಅಂತ ಇಟ್ಕೊಳ್ಳಿ’ ಎನ್ನುತ್ತಿದ್ದೆ. ಸರಿಯಾಗಿ ನೋಡಿದರೆ ಅದು ಪೂರ್ತಿ ಹೊಂದುವುದಿಲ್ಲ, ಆದರೆ ಮಕ್ಕಳ ನೆನಪಿನಲ್ಲಿ ಉಳಿಯುತ್ತಿತ್ತು. ವಾಷಬಲ್ ಎಂದರೆ ತೊಳೆಯಬಹುದಾದದ್ದು, ರೀಡಬಲ್ ಎಂದರೆ ಓದಬಹುದಾದದ್ದು. ಬಾಲ ಕತ್ತರಿಸಿ, ಉಳಿದದ್ದು ಯಾವ ಕೆಲಸ ಹೇಳುತ್ತದೆಂದು ನೋಡಿದರೆ ಅರ್ಥ ತಾನಾಗಿ ಬರುತ್ತದೆ ಎಂದು ಹೇಳಿಕೊಡುತ್ತಿದ್ದೆ.

ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು ಆ ಊರಿನ ಹೆಂಗಸೇ. ನನ್ನದೇ ವಯಸ್ಸು, ಒಂದೆರಡು ವರ್ಷ ಹೆಚ್ಚಿರಬಹುದು. ಅವಳ ಮಗಳು ನಮ್ಮಲ್ಲೇ ಏಳನೇ ತರಗತಿಯಲ್ಲಿದ್ದಳು. ಮಕ್ಕಳ ಊಟ ಮುಗಿದ ಮೇಲೆ ನಾವಿಬ್ಬರೂ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಉಣ್ಣುತ್ತಿದ್ದೆವು. ಹುರುಳಿಕಾಳು ಸಾರು ಮಾಡಿದ ದಿನ ನನಗೆಂದು ಗಟ್ಟಿಯದನ್ನು ಎತ್ತಿಡುತ್ತಿದ್ದಳು. ಪಾತ್ರೆಗಳನ್ನು ಅವಳು ತಿಕ್ಕುವ ರೀತಿ ನೋಡಿದರೆ ಅವುಗಳ ಮೇಲೆ ಅವಳಿಗೆ ಹಳೆಯ ಕೋಪವಿದೆಯೇನೋ ಅನಿಸಬೇಕು. ಮದುವೆ, ನಾಮಕರಣಗಳಿಗೂ ಅವಳನ್ನು ಅಡುಗೆಗೆ ಕರೆಯುತ್ತಿದ್ದರು. ಊರಿನ ಕೆಲವರು ಮಾತ್ರ ತಮ್ಮ ಮಕ್ಕಳಿಗೆ ಮನೆಯಿಂದಲೇ ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ನಾವು ಯಾರೂ ಕೇಳುತ್ತಲೂ ಇರಲಿಲ್ಲ.

ಆ ವರ್ಷ ಜೂನ್‌ನಲ್ಲಿ, ಶಾಲೆ ಶುರುವಾದ ತಿಂಗಳಲ್ಲಿ, ನಮ್ಮ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದ್ದರು. ಕೆಲವು ದಿನಗಳ ಮೇಲೆ ವರದಿ ಬಂತು. ಒಂದೇ ಹಾಳೆ. ಮೇಲೆಲ್ಲ ಅಂಕಿಗಳು, ಅಡ್ಡಗೆರೆಗಳು, ನಮಗಾರಿಗೂ ತಿಳಿಯದ ಗುರುತುಗಳು. ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಸ್ಯಾಂಪಲ್ ನಾಟ್ ಪೋಟಬಲ್. ಮುಖ್ಯೋಪಾಧ್ಯಾಯರು ನಿವೃತ್ತಿಗೆ ಹತ್ತಿರವಿದ್ದವರು, ಲೆಕ್ಕದ ಮೇಷ್ಟ್ರು. ಅವರು ಹಾಳೆಯನ್ನು ನನ್ನ ಕೈಗೆ ಕೊಟ್ಟು, ಇದೇನು ಬರೆದಿದ್ದಾರೋ ನೋಡಿ ಎಂದರು. ಕೊಠಡಿಯಲ್ಲಿ ಇನ್ನಿಬ್ಬರು ಶಿಕ್ಷಕರಿದ್ದರು. ಮೂವರೂ ನನ್ನನ್ನೇ ನೋಡುತ್ತಿದ್ದರು.

ಆ ಪದವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಾಲ ಕತ್ತರಿಸಿದೆ, ‘ಪಾಟ್’ ಉಳಿಯಿತು. ಪಾಟ್ ಎಂದರೆ ಮಡಕೆ. ಮಡಕೆಗೆ ಏಬಲ್ ಹೇಗೆ ಹತ್ತುತ್ತದೆ? ಟೈಪ್ ಮಾಡಿದವರು ನಡುವೆ ಒಂದು ಆರ್ ಬಿಟ್ಟಿದ್ದಾರೆ, ಇದು ಪೋರ್ಟಬಲ್ ಇರಬೇಕು ಅನಿಸಿತು. ಪೋರ್ಟಬಲ್ ಎಂದರೆ ಹೊತ್ತೊಯ್ಯಬಹುದಾದದ್ದು. ಫೋನ್ ನನ್ನ ಕೈಯಲ್ಲೇ ಇತ್ತು. ನೋಡುತ್ತೇನೆ ಇರಿ ಎಂದಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಮೂವರ ಎದುರಿಗೆ ಇಂಗ್ಲಿಷ್ ಮೇಡಂ ಫೋನ್ ತೆಗೆದು ಅರ್ಥ ಹುಡುಕುವುದೇ?

“ಸ್ಪೆಲ್ಲಿಂಗ್ ತಪ್ಪಾಗಿದೆ ಸಾರ್,” ಎಂದೆ. “ಪೋರ್ಟಬಲ್ ಅಂತ ಇರ್ಬೇಕು. ನಾವು ಕಳ್ಸಿದ ಸ್ಯಾಂಪಲ್ಲು ತಗೊಂಡ್ ಹೋಗೋ ಸ್ಥಿತೀಲಿ ಇರ್ಲಿಲ್ಲ ಅಂತ. ಬಾಟ್ಲು ಸರಿಯಿಲ್ಲ ಅನ್ಸತ್ತೆ, ಇನ್ನೊಂದ್ಸಲ ಕಳಿಸ್ಬೇಕು.”

ಮುಖ್ಯೋಪಾಧ್ಯಾಯರು ತಲೆಯಾಡಿಸಿ, ವರದಿಯ ಮೂಲೆಯಲ್ಲಿ ‘ನೋಡಿದೆ’ ಎಂದು ಸಹಿ ಹಾಕಿ ಫೈಲಿಗೆ ಸೇರಿಸಿದರು. ಹೊಸ ಬಾಟಲಿಯೊಂದನ್ನು ತೊಳೆದು ಕಿಟಕಿಯಲ್ಲಿಟ್ಟರು. ಆಮೇಲೆ ದಾಖಲಾತಿ, ಪುಸ್ತಕ ಹಂಚಿಕೆ, ತರಬೇತಿ ಎಂದು ಒಂದರ ಮೇಲೊಂದು ಬಂದವು. ಬಾಟಲಿ ಕಿಟಕಿಯಲ್ಲೇ ಉಳಿಯಿತು. ಮಕ್ಕಳು ಅದೇ ನೀರು ಕುಡಿದರು, ಅದೇ ನೀರಲ್ಲಿ ತಟ್ಟೆ ತೊಳೆದರು.

ಆಗಸ್ಟಿನಲ್ಲಿ ಎರಡು ಮೂರು ಮಳೆ ಬಿದ್ದ ಮೇಲೆ ಒಂದು ಮಧ್ಯಾಹ್ನ ಆರನೇ ತರಗತಿಯ ಹುಡುಗಿಯೊಬ್ಬಳು ಬೆಂಚಿನ ಮೇಲೆಯೇ ವಾಂತಿ ಮಾಡಿಕೊಂಡಳು. ಮರುದಿನ ಹಾಜರಿ ಪುಸ್ತಕದಲ್ಲಿ ಅರ್ಧದಷ್ಟು ಹೆಸರುಗಳ ಮುಂದೆ ಗೈರು ಎಂದು ಬರೆಯಬೇಕಾಯಿತು. ವಾಂತಿ, ಭೇದಿ, ಜ್ವರ. ಕೆಲವರನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದರು. ಅಡುಗೆಯವಳ ಮಗಳೂ ಅವರಲ್ಲಿ ಒಬ್ಬಳು. ನಾನು ನೋಡಲು ಹೋದಾಗ ತಾಯಿ ಮಗಳ ಕಾಲ ಬಳಿ ಕೂತಿದ್ದಳು. ಹುಡುಗಿಯ ತುಟಿ ಒಣಗಿ ಬಿರಿದಿತ್ತು, ಕೈಗೆ ಗ್ಲೂಕೋಸ್ ಹಾಕಿದ್ದರು. ದೇವರ ದಯೆ, ಎಲ್ಲ ಮಕ್ಕಳೂ ಚೇತರಿಸಿಕೊಂಡರು.

ಮಕ್ಕಳು ಮನೆಗೆ ಬರುವ ಮೊದಲೇ ಊರು ತೀರ್ಮಾನ ಮಾಡಿಯಾಗಿತ್ತು. ಆ ದಿನ ಬದನೆಕಾಯಿ ಸಾಂಬಾರು ಮಾಡಿದ್ದಳು, ಅದರಲ್ಲಿ ಏನೋ ಬಿದ್ದಿತ್ತು, ಅವಳ ಕೈ ಶುಚಿಯಿಲ್ಲ. ಆರೋಗ್ಯ ಇಲಾಖೆಯವರು ಬಂದು ನೀರಿನ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಇನ್ನು ಮೇಲೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸಿ ಎಂದು ಹೇಳಿಹೋದರು. ನಾವು ಹಾಗೆಯೇ ಮಾಡಿದೆವು. ಆದರೆ ಆ ಮಾತಿನ ಅರ್ಥವನ್ನು ಯಾರೂ ಹಿಡಿಯಲಿಲ್ಲ, ಹಿಡಿಯುವ ಮನಸ್ಸೂ ಇರಲಿಲ್ಲ. ಶಾಲಾ ಸಮಿತಿಯ ಸಭೆಯಲ್ಲಿ ಅವಳನ್ನು ನಿಲ್ಲಿಸಿ ಕೇಳಿದರು. ಸಿಟ್ಟು ಬಂದರೆ, ಅಳು ಬಂದರೆ ಅವಳ ಮಾತು ತೆಲುಗಿಗೆ ಜಾರುತ್ತದೆ.

“ನಾ ಬಿಡ್ಡಕಿ ನೇನೇ ವಿಷಂ ಪೆಡತಾನಾ?” ಎಂದಳು. ನನ್ನ ಮಗುವಿಗೆ ನಾನೇ ವಿಷ ಇಡುತ್ತೇನಾ ಎಂದು.

ನಾನೂ ಅಲ್ಲಿದ್ದೆ. ಅವಳು ಶುಚಿಯಾಗಿಯೇ ಅಡುಗೆ ಮಾಡುತ್ತಾಳೆಂದು ಹೇಳಿದೆ, ಆದರೆ ಮೆಲ್ಲಗೆ, ಒಂದೇ ಸಲ. ಮುಂದಿನ ವಾರ ಇನ್ನೊಬ್ಬರು ಅಡುಗೆಗೆ ಬಂದರು. ಅವಳು ಮುಳಬಾಗಿಲು ಕಡೆಯ ಟೊಮೆಟೊ ಮಂಡಿಯೊಂದರಲ್ಲಿ ಹಣ್ಣು ವಿಂಗಡಿಸುವ ಕೂಲಿಗೆ ಹೋಗತೊಡಗಿದಳು. ಮಗಳು ನಮ್ಮ ಶಾಲೆಗೇ ಬರುತ್ತಿದ್ದಳು, ಮೊದಲಿಗಿಂತ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು.

ಅಲ್ಲಿಯವರೆಗೆ ನನ್ನದು ಗೊತ್ತಿಲ್ಲದೆ ಆದ ತಪ್ಪು. ಅದಕ್ಕೆ ನನ್ನನ್ನು ನಾನು ಕ್ಷಮಿಸಿಕೊಳ್ಳಬಹುದಿತ್ತೇನೋ. ಮುಂದಿನದಕ್ಕೆ ಆಗುವುದಿಲ್ಲ.

ಸೆಪ್ಟೆಂಬರಿನಲ್ಲಿ ಏಳನೇ ತರಗತಿಗೆ ಏಬಲ್ ಪಾಠ ಮಾಡಿ, ನಿಮ್ಮ ಸುತ್ತಮುತ್ತ ಕಣ್ಣಿಗೆ ಬೀಳುವ ಅಂಥ ಐದು ಪದಗಳನ್ನು ಬರೆದು ತನ್ನಿ ಎಂದೆ. ಮಕ್ಕಳು ಟಾರ್ಚಿನ ಪೆಟ್ಟಿಗೆಯಿಂದ ರೀಚಾರ್ಜಬಲ್, ಅಂಗಡಿಯ ಲೋಟದಿಂದ ಡಿಸ್ಪೋಸಬಲ್, ಟೈಲರ್ ಅಂಗಡಿಯ ಚೀಟಿಯಿಂದ ವಾಷಬಲ್ ಹೆಕ್ಕಿ ತಂದರು. ಅಡುಗೆಯವಳ ಮಗಳ ಪಟ್ಟಿಯಲ್ಲಿ ಮೂರನೆಯ ಪದ ಪೋಟಬಲ್. ನಾನು ಕೆಂಪು ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಪೋರ್ಟಬಲ್ ಎಂದು ಬರೆದೆ. ಪುಸ್ತಕ ಹಿಂದಿರುಗಿಸಿದಾಗ ಅವಳು ಎದ್ದು ಮೇಜಿನ ಬಳಿ ಬಂದಳು.

“ಮಿಸ್, ಅದು ಹಂಗೇ ಬರ್ದಿತ್ತು,” ಎಂದಳು. ಭಾನುವಾರ ಅಮ್ಮನ ಜೊತೆ ಮಂಡಿಗೆ ಹೋಗಿದ್ದಳಂತೆ. ಅಲ್ಲಿ ನೆಲ ತೊಳೆಯಲು ಒಂದು ಟ್ಯಾಂಕರ್ ಬಂದಿತ್ತಂತೆ. “ನಾನ್ ಪೋಟಬಲ್ ವಾಟರ್ ಅಂತ ದೊಡ್ಡದಾಗಿ ಇತ್ತು. ಕೆಳಗೆ ಕನ್ನಡದಲ್ಲೂ ಇತ್ತು ಮಿಸ್. ಈ ನೀರು ಕುಡಿಯಲು ಯೋಗ್ಯವಲ್ಲ ಅಂತ.”

ಪುಸ್ತಕ ಕೊಡು, ನೋಡುತ್ತೇನೆ ಎಂದು ತೆಗೆದುಕೊಂಡೆ. ವಿರಾಮದಲ್ಲಿ ಫೋನ್ ತೆಗೆದೆ. ಕುಡಿಯಲು ಯೋಗ್ಯವಾದ. ಲ್ಯಾಟಿನ್ನಿನಲ್ಲಿ ಕುಡಿಯುವುದು ಎಂಬ ಮಾತಿನಿಂದ ಬಂದದ್ದು. ಮಡಕೆಯಲ್ಲ, ಹೊರುವುದಲ್ಲ. ಪದ ಸರಿಯಾಗಿಯೇ ಇತ್ತು.

ಮುಖ್ಯೋಪಾಧ್ಯಾಯರು ಊಟಕ್ಕೆ ಹೋದಾಗ ಅಲ್ಮೆರಾ ತೆರೆದು ಫೈಲಿನಿಂದ ಆ ವರದಿಯನ್ನು ಹೊರತೆಗೆದೆ. ಸ್ಯಾಂಪಲ್ ನಾಟ್ ಪೋಟಬಲ್. ಜೂನ್‌ನಲ್ಲೇ ನಮಗೆ ಹೇಳಿದ್ದರು. ಒಂದೇ ಸಾಲಿನಲ್ಲಿ, ಸ್ಪಷ್ಟವಾಗಿ ಹೇಳಿದ್ದರು. ಹಾಳೆ ಹಿಡಿದು ನಿಂತಾಗ ಇನ್ನು ಮಾಡಬೇಕಾದದ್ದೇನೆಂದು ನನಗೆ ಗೊತ್ತಿತ್ತು. ಮಾಡಿದ್ದು ಬೇರೆ. ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ಬ್ಯಾಗಿನ ಒಳಜೇಬಿಗೆ ಸೇರಿಸಿದೆ.

ಮರುದಿನ ತರಗತಿಯಲ್ಲಿ ಹುಡುಗಿಯ ಪದ ಸರಿ, ನನ್ನದೇ ತಪ್ಪು ಎಂದು ಹೇಳಿ ಐದಕ್ಕೆ ಐದು ಅಂಕ ಹಾಕಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ನಾಚಿಕೊಂಡು ನಕ್ಕಳು. ಅಷ್ಟು ಮಾಡಿದ್ದಕ್ಕೇ ನನ್ನ ಮನಸ್ಸು ಸ್ವಲ್ಪ ಹಗುರವಾಯಿತಲ್ಲ, ಅದನ್ನು ನೆನೆದರೆ ಈಗಲೂ ನನ್ನ ಬಗ್ಗೆ ಹೇಸಿಗೆಯಾಗುತ್ತದೆ.

ಎರಡು ತಿಂಗಳು ಆ ಹಾಳೆ ನನ್ನ ಜೊತೆ ಕೋಲಾರಕ್ಕೂ ಶ್ರೀನಿವಾಸಪುರಕ್ಕೂ ಬಸ್ಸಿನಲ್ಲಿ ಓಡಾಡಿತು. ನನಗೆ ನಾನೇ ಕಾರಣಗಳನ್ನು ಕೊಟ್ಟುಕೊಂಡೆ. ನೀರಂತೂ ಈಗ ಸರಿಹೋಗಿದೆ. ಮಕ್ಕಳು ಗುಣವಾಗಿದ್ದಾರೆ. ಮುಖ್ಯೋಪಾಧ್ಯಾಯರು ಸಹಿ ಹಾಕಿದ್ದಾರೆ, ನಿವೃತ್ತಿಯ ಹೊತ್ತಿನಲ್ಲಿ ಅವರಿಗೇಕೆ ತೊಂದರೆ. ಅವಳಿಗೂ ಬೇರೆ ಕೆಲಸ ಸಿಕ್ಕಿದೆ. ಎಲ್ಲ ಕಾರಣಗಳ ಕೆಳಗೆ ಇದ್ದದ್ದು ಒಂದೇ. ಇಂಗ್ಲಿಷ್ ಮೇಡಂಗೆ ಇಂಗ್ಲಿಷ್ ಬರುವುದಿಲ್ಲ ಎಂದು ಊರು ನಗುತ್ತದೆ.

ನವೆಂಬರಿನ ಒಂದು ಸಂಜೆ ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಸೊರಗಿದ್ದಳು. ಬೆರಳ ಸಂದಿಗಳಲ್ಲಿ ಟೊಮೆಟೊ ಕಾಯಿಯ ಹಸಿರು ಹತ್ತಿತ್ತು. ಮದುವೆ ಮನೆಗಳಿಗೂ ಈಗ ಅಡುಗೆಗೆ ಯಾರೂ ಕರೆಯುತ್ತಿಲ್ಲ ಎಂದಳು. ಆ ಮಾತು ಸುತ್ತಲ ಊರುಗಳಿಗೂ ಹಬ್ಬಿತ್ತು. ಕೂಲಿ ಸಿಗುತ್ತದೆ, ಅದರ ಚಿಂತೆಯಿಲ್ಲ, ಆದರೆ ಮಕ್ಕಳಿಗೆ ಕೆಟ್ಟದ್ದು ತಿನ್ನಿಸಿದವಳು ಎಂಬ ಹೆಸರು ಹೋಗಬೇಕು ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

“ನೀವೇ ಒಂದು ಅರ್ಜಿ ಬರ್ಕೊಡಿ ಮೇಡಂ. ನನ್ ತಪ್ಪಿಲ್ಲ ಅಂತ. ನೀವು ಬರೆದ್ರೆ ನಂಬ್ತಾರೆ.”

ಬರೆದುಕೊಟ್ಟೆ. ಅಲ್ಲೇ, ಕಲ್ಲುಬೆಂಚಿನ ಮೇಲೆ ಕೂತು, ಮಕ್ಕಳ ನೋಟ್‌ಬುಕ್ಕನ್ನು ಅಡಿಗಿಟ್ಟುಕೊಂಡು ಬರೆದೆ. ಅವಳ ಇಷ್ಟು ವರ್ಷದ ಸೇವೆ, ಅವಳ ಶುಚಿತ್ವ, ಸ್ವಂತ ಮಗಳೇ ಕಾಯಿಲೆ ಬಿದ್ದದ್ದು ಎಲ್ಲವನ್ನೂ ಚೆನ್ನಾಗಿ ಬರೆದೆ. ವರದಿಯ ವಿಷಯ ಮಾತ್ರ ಬರೆಯಲಿಲ್ಲ. ಅದು ತೊಡೆಯ ಮೇಲಿದ್ದ ಬ್ಯಾಗಿನಲ್ಲೇ ಇತ್ತು. ಅವಳು ಅರ್ಜಿಯ ಕೆಳಗೆ ಅಕ್ಷರ ಜೋಡಿಸಿ ಸಹಿ ಮಾಡಿ, ನನಗೆ ಬೇಡವೆಂದರೂ ಒಂದು ಚೀಲ ಟೊಮೆಟೊ ಕೊಟ್ಟು ಹೋದಳು.

ಸಮಿತಿ ಅರ್ಜಿಯನ್ನು ಓದಿತು. ಅಧ್ಯಕ್ಷರು, ಅವರೂ ಟೊಮೆಟೊ ಬೆಳೆಗಾರರೇ, ಕೆಟ್ಟವರಲ್ಲ. ಬರವಣಿಗೆ ಚೆನ್ನಾಗಿದೆ, ಆದರೆ ಆಧಾರ ಏನಿದೆ ಎಂದು ಕೇಳಿದರು. ಆಧಾರ ನನ್ನ ಬ್ಯಾಗಿನಲ್ಲೇ ಇತ್ತು, ನಾನು ಹೊರತೆಗೆಯಲಿಲ್ಲ. ಅರ್ಜಿಯನ್ನು ಪಕ್ಕಕ್ಕಿಟ್ಟು ಮುಂದಿನ ವಿಷಯಕ್ಕೆ ಹೋದರು. ಆ ಟೊಮೆಟೊಗಳನ್ನು ನಾನು ಅಡುಗೆಗೆ ಬಳಸಲಾಗಲಿಲ್ಲ, ಬಿಸಾಡಲೂ ಆಗಲಿಲ್ಲ. ಬುಟ್ಟಿಯಲ್ಲೇ ಮೆತ್ತಗಾದವು.

ಆ ಶನಿವಾರ ಶಾಲೆ ಮುಗಿದ ಕೂಡಲೇ ಮುಳಬಾಗಿಲಿನ ಬಸ್ಸು ಹತ್ತಿ ಮಂಡಿಗೆ ಹೋದೆ. ಹೆಂಗಸರು ಸಾಲಾಗಿ ಕೂತು ರಾಶಿಯಿಂದ ಹಣ್ಣನ್ನು ಬಣ್ಣ ನೋಡಿ ಬೇರೆಬೇರೆ ಕ್ರೇಟುಗಳಿಗೆ ಹಾಕುತ್ತಿದ್ದರು. ಅವಳ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ವರದಿ, ನಾನು ಓದಿದ ರೀತಿ, ಕಿಟಕಿಯಲ್ಲೇ ಉಳಿದ ಬಾಟಲಿ, ಮಗಳ ನೋಟ್‌ಬುಕ್. ಹಾಳೆಯನ್ನೂ ಬಿಚ್ಚಿ ತೋರಿಸಿದೆ. ಅವಳ ಕೈ ನಿಲ್ಲಲಿಲ್ಲ. ಒಡೆದದ್ದನ್ನು ಹಿಂದಕ್ಕೆ, ಗಟ್ಟಿಯದನ್ನು ಮುಂದಕ್ಕೆ ಹಾಕುತ್ತಲೇ ಇದ್ದಳು.

“ನಿಮಗೆ ಯಾವಾಗ ಗೊತ್ತಾಯ್ತು?” ಎಂದು ಕೇಳಿದಳು.

ಸೆಪ್ಟೆಂಬರಿನಲ್ಲಿ ಎಂದೆ.

“ಅಂದ್ರೆ ಅರ್ಜಿ ಬರ್ಕೊಟ್ಟಿದ್ದು ಅದಾದ್ ಮೇಲೆ.”

ಹೌದು ಎಂದೆ. ಆಗ ಅವಳ ಕೈ ನಿಂತಿತು. ಬೈಯುತ್ತಾಳೆ ಎಂದುಕೊಂಡೆ. ಬೈದರೆ ಸಾಕು ಎಂದು ಕಾದೆ. ಅವಳು ಬೈಯಲಿಲ್ಲ. ನಾನು ಕ್ಷಮಿಸು ಎಂದೆ.

“ನಂಗ್ ಹೇಳಿ ಏನ್ ಪ್ರಯೋಜನ ಮೇಡಂ,” ಎಂದಳು. “ನನ್ ಕೈಯ್ದು ತಪ್ಪಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಊರಿಗೆ ಹೇಳಿ.”

ಸೋಮವಾರ ಮುಖ್ಯೋಪಾಧ್ಯಾಯರ ಮುಂದೆ ಹಾಳೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ, ತಮ್ಮ ಸಹಿಯ ಮೇಲೆ ಬೆರಳಿಟ್ಟರು. ತಪ್ಪು ಇಬ್ಬರದೂ, ಬಾಟಲಿ ಕಳಿಸದೆ ಬಿಟ್ಟವನು ನಾನು ಎಂದರು. ಮುಚ್ಚಿಟ್ಟದ್ದು ಮಾತ್ರ ನನ್ನೊಬ್ಬಳದೇ ಎಂದು ನಾನು ಹೇಳಿದೆ. ಅವರು ಅದನ್ನು ಅಲ್ಲಗಳೆಯಲಿಲ್ಲ.

ಆ ತಿಂಗಳ ಪೋಷಕರ ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಅವಳು ಕೂಲಿ ಬಿಟ್ಟು ಬಂದು ಗೇಟಿನ ಬಳಿ ನಿಂತಿದ್ದಳು, ಒಳಗೆ ಬರಲಿಲ್ಲ. ನಾನು ಎದ್ದು ನಿಂತು ವರದಿಯನ್ನು ಓದಿದೆ. “ಈ ಪದಕ್ಕೆ ಕುಡಿಯೋಕೆ ಯೋಗ್ಯವಾದದ್ದು ಅಂತ ಅರ್ಥ,” ಎಂದೆ. “ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ ಹೇಳ್ದೆ ಬೇರೆ ಅರ್ಥ ಹೇಳ್ದೆ. ಮಕ್ಕಳಿಗೆ ಕಾಯಿಲೆ ಬಂದಿದ್ದು ನೀರಿಂದ, ಊಟದಿಂದ ಅಲ್ಲ. ಅದು ಗೊತ್ತಾದ ಮೇಲೂ ಎರಡು ತಿಂಗಳು ಬಾಯಿ ಮುಚ್ಕೊಂಡಿದ್ದೆ.”

ಹಿಂದೆ ಕೂತಿದ್ದ ಇಬ್ಬರು ನಕ್ಕರು. ನಾನು ಅಷ್ಟು ಹೆದರಿದ್ದು ಆ ನಗುವಿಗೇ. ಬಂದು ಹೋಯಿತು, ಅಷ್ಟೇ. ಅದಕ್ಕಿಂತ ಕಷ್ಟವಾದದ್ದು, ಮೊದಲು ಕಾಯಿಲೆ ಬಿದ್ದ ಆರನೇ ತರಗತಿಯ ಹುಡುಗಿಯ ತಂದೆ ಎದ್ದು ನಿಂತದ್ದು. ತನ್ನ ಮಗಳು ಮೂರು ದಿನ ಕಣ್ಣು ಬಿಟ್ಟಿರಲಿಲ್ಲ ಎಂದರು. ಅಡುಗೆಯವಳ ಮನೆ ಮುಂದೆ ಹೋಗಿ ತಾನು ಆಡಬಾರದ ಮಾತು ಆಡಿ ಬಂದಿದ್ದೆ ಎಂದರು. “ಆ ಮಾತೆಲ್ಲ ನಿಮಗೆ ಸೇರ್ಬೇಕಾಗಿತ್ತಲ್ಲ ಮೇಡಂ,” ಎಂದು ಕೂತುಬಿಟ್ಟರು. ನಾನು ಗೇಟಿನ ಕಡೆ ನೋಡಿದೆ. ಅವಳು ಹೊರಟುಹೋಗಿದ್ದಳು.

ಇಲಾಖೆಯಿಂದ ಕಾರಣ ಕೇಳಿ ನೋಟಿಸ್ ಬಂತು. ನಡೆದದ್ದನ್ನು ನಡೆದ ಹಾಗೆಯೇ ಬರೆದುಕೊಟ್ಟೆ. ಎಚ್ಚರಿಕೆ ಕೊಟ್ಟು ಬಿಟ್ಟರು. ನನ್ನ ಸಂಬಳದಲ್ಲಿ ಒಂದು ಪೈಸೆ ಕಡಿಮೆಯಾಗಲಿಲ್ಲ, ನನ್ನ ಕುರ್ಚಿ ಅಲ್ಲೇ ಇತ್ತು. ಸಮಿತಿಯವರು ಅವಳ ಮನೆಗೆ ಹೋಗಿ ಮತ್ತೆ ಅಡುಗೆಗೆ ಬಾ ಎಂದು ಕರೆದರು. ಅವಳು ಒಪ್ಪಲಿಲ್ಲ. ಈಗ ಅಲ್ಲಿ ಅಡುಗೆ ಮಾಡುತ್ತಿರುವವಳೂ ನನ್ನಂಥವಳೇ, ಅವಳನ್ನು ಯಾಕೆ ಎಬ್ಬಿಸಬೇಕು ಎಂದಳಂತೆ. ಅದು ನಿಜವಾದ ಕಾರಣವೋ ಅಲ್ಲವೋ ನನಗೆ ತಿಳಿಯದು. ಮಾರನೆಯ ಬೇಸಿಗೆಯಲ್ಲಿ ಮದುವೆ ಮನೆಗಳವರು ಅವಳನ್ನು ಮತ್ತೆ ಕರೆಯತೊಡಗಿದರು. ಮಂಡಿಯ ಕೆಲಸ ಬಿಟ್ಟು, ಇಬ್ಬರು ಹೆಂಗಸರನ್ನು ಜೊತೆಗೆ ಸೇರಿಸಿಕೊಂಡು ಅಡುಗೆಯನ್ನೇ ಮಾಡಿಕೊಂಡಿದ್ದಾಳೆ.

ನಾನು ಆಗಾಗ ಅವಳ ಮನೆಗೆ ಹೋಗುತ್ತಿದ್ದೆ. ಹಣ್ಣು, ಮಗಳಿಗೊಂದು ನಿಘಂಟು, ಏನಾದರೂ ಒಂದು ನೆಪ. ಹೋದಾಗೆಲ್ಲ ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು, ನನ್ನ ಕಣ್ಣು ತುಂಬುತ್ತಿತ್ತು. ಹೋಗಲಿ ಬಿಡಿ ಎಂದು ಅವಳು ಕಾಫಿ ಕೊಡುತ್ತಿದ್ದಳು. ನಾಲ್ಕನೆಯ ಸಲವೋ ಐದನೆಯ ಸಲವೋ, ನಾನು ಹೊರಡುವಾಗ ಬಾಗಿಲವರೆಗೆ ಬಂದಳು.

“ಇನ್ಮೇಲೆ ಇದಕ್ಕೋಸ್ಕರ ಬರ್ಬೇಡಿ ಮೇಡಂ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ನೀವು ಬಂದಾಗೆಲ್ಲ ನಾನೇ ನಿಮಗೆ ಸಮಾಧಾನ ಹೇಳ್ಬೇಕಾಗತ್ತೆ. ನನ್ ಕೈಲಿ ಆಗಲ್ಲ.”

ಆಯಿತು ಎಂದೆ. ಆಮೇಲೆ ಹೋಗಿಲ್ಲ. ಊರ ದಾರಿಯಲ್ಲಿ ಎದುರಾದರೆ ಅವಳು ಊಟ ಆಯಿತಾ ಎಂದು ಕೇಳುತ್ತಾಳೆ, ನಾನು ಆಯಿತು ಎನ್ನುತ್ತೇನೆ. ಅದಕ್ಕಿಂತ ಒಂದು ಮಾತು ಹೆಚ್ಚು ಆಡದೆ ದಾಟಿಕೊಂಡು ಹೋಗುವುದನ್ನು ಈಗ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.